ರೈಲು ಬೋಗಿಯ ಜಾತಕ

ಕಳೆದ ಯುಗಾದಿ ಕೂಟಕ್ಕೆ ಮಕ್ಕಳಿಗೆ ತೋರಿಸೋಣವೆಂದು ನಮ್ಮ ಮನೆಯ ಮಾಡೆಲ್ ರೈಲನ್ನು ತಂದು ಹಾಲಿನ ಮೂಲೆಯ ಮೇಜಿನ ಮೇಲೆ ಇಟ್ಟಿದ್ದೆವು. ಮಕ್ಕಳು ಎರಡು ನಿಮಿಷ ನೋಡಿ ಓಡಿಹೋದರು. ನಿಂತು ನೋಡಿದವರು ದೊಡ್ಡವರೇ. ಧಾರವಾಡದ ಕಡೆಯ ಹಿರಿಯರೊಬ್ಬರು ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಬಂದು, "ಡಾಕ್ಟ್ರ, ಎಲ್ಲಾ ಬೋಗಿನೂ ಒಂದ ಥರಾ ಕಾಣ್ತಾವಲ್ರೀ. ಇದರಾಗ ಗುರ್ತು ಹಿಡಿಯೂದು ಏನೈತಿ?" ಎಂದರು. ನ್ಯಾಯವಾದ ಪ್ರಶ್ನೆ. ಆದರೆ ಊಟದ ಸಾಲಿನಲ್ಲಿ ನಿಂತು ಹೇಳಿ ಮುಗಿಸುವ ಉತ್ತರವಲ್ಲ. ಸಂಪಾದಕರು ಈ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟಿದ್ದಾರೆ, ಇಲ್ಲಿ ಉತ್ತರಿಸುವ ಪ್ರಯತ್ನ ಮಾಡುತ್ತೇವೆ.

ಮೊದಲು ಒಂದು ಪದದ ಗೊಂದಲ ಬಗೆಹರಿಸಬೇಕು. ನಾವು ಕನ್ನಡಿಗರು ಇಡೀ ಡಬ್ಬಿಗೇ ಬೋಗಿ ಎನ್ನುತ್ತೇವೆ. ಈ ದೇಶದಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗೆ ತಿರುಗುವ ಚಕ್ರಗಳ ಚೌಕಟ್ಟು ಮಾತ್ರ. ಡಬ್ಬಿಗೆ ಕ್ಯಾರೇಜ್ ಅಥವಾ ಕೋಚ್ ಎನ್ನುತ್ತಾರೆ. ಇಲ್ಲಿನ ಮಾಡೆಲ್ ಅಂಗಡಿಯಲ್ಲಿ "ಎರಡು ಬೋಗಿ ಕೊಡಿ" ಎಂದು ಕೇಳಿದ ನಮಗೆ ಅಂಗಡಿಯವನು ನಾಲ್ಕು ಚಕ್ರದ ಎರಡು ಪುಟ್ಟ ಗಾಡಿಗಳನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದ. ಈ ಲೇಖನದಲ್ಲಿ ನಮ್ಮ ಮನೆಮಾತಿನಂತೆ ಬೋಗಿ ಎಂದರೆ ಇಡೀ ಡಬ್ಬಿ ಎಂದೇ ತಿಳಿಯಿರಿ.

ಎಂಬಿಬಿಎಸ್ ಮುಗಿಸಿ, ಪ್ಲ್ಯಾಬ್ ಪರೀಕ್ಷೆ ಬರೆದು, ನಾವು ಈ ದೇಶಕ್ಕೆ ಬಂದದ್ದು 1997ರಲ್ಲಿ. ದಕ್ಷಿಣ ಕರಾವಳಿಯ ಆಸ್ಪತ್ರೆಯೊಂದರಲ್ಲಿ ಸಂದರ್ಶನ. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ಹತ್ತಿದ ರೈಲಿಗೆ ಉದ್ದಕ್ಕೂ ಬಾಗಿಲುಗಳು. ಇಳಿಯುವ ಊರು ಬಂತು, ರೈಲು ನಿಂತಿತು, ಬಾಗಿಲು ತಾನಾಗಿ ತೆರೆಯುತ್ತದೆಂದು ನಾವು ಕಾದು ನಿಂತೆವು. ಹಿಂದಿನಿಂದ ಬಂದ ವೃದ್ಧೆಯೊಬ್ಬರು ಕಿಟಕಿಯ ಗಾಜು ಕೆಳಗಿಳಿಸಿ, ಹೊರಗೆ ಕೈ ಹಾಕಿ, ಹಿಡಿ ತಿರುಗಿಸಿ ಬಾಗಿಲು ತೆಗೆದು ದಾರಿ ಮಾಡಿಕೊಟ್ಟರು. ಇಳಿದ ಮೇಲೆ ಧಡ್ ಎಂದು ಮುಚ್ಚಿದರು. ಉದ್ದಕ್ಕೂ ಧಡ್ ಧಡ್ ಎಂಬ ಸದ್ದು. ಈ ದೇಶದ ರೈಲು ಎಂದರೆ ಇಂದಿಗೂ ನಮ್ಮ ಕಿವಿಗೆ ಮೊದಲು ಬರುವುದು ಅದೇ. ಆ ಗಾಡಿ ಯಾವುದು ಎಂದು ತಿಳಿಯುವ ಕುತೂಹಲದಿಂದ ಈ ಹುಚ್ಚು ಶುರುವಾಯಿತು.

ರೋಗಿ ಬಂದಾಗ ವೈದ್ಯರು ಮೊದಲು ಕೇಳುವುದು ನಾಲ್ಕು ವಿಷಯ: ಯಾವ ಮನೆತನ, ಎಷ್ಟು ವಯಸ್ಸು, ಏನು ಕೆಲಸ, ಎಲ್ಲಿ ವಾಸ. ಹಳೆಯ ಬೋಗಿಯನ್ನು ಗುರುತಿಸುವವರು ಕೇಳುವುದೂ ಇವೇ ನಾಲ್ಕು.

ಮೊದಲನೆಯದು ಮನೆತನ. ಒಂದು ಕಾಲಕ್ಕೆ ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ರೈಲ್ವೆ ಕಂಪನಿಗಳಿದ್ದವು. 1921ರ ಕಾಯ್ದೆಯ ಪ್ರಕಾರ 1923ರ ಜನವರಿ 1ರಂದು ಅವುಗಳಲ್ಲಿ ಬಹುಪಾಲು ನಾಲ್ಕು ದೊಡ್ಡ ಕಂಪನಿಗಳಲ್ಲಿ ಸೇರಿಹೋದವು: ಗ್ರೇಟ್ ವೆಸ್ಟರ್ನ್, ಸದರ್ನ್, ಎಲ್‌ಎಂಎಸ್ ಮತ್ತು ಎಲ್‌ಎನ್‌ಇಆರ್. 1948ರ ಜನವರಿ 1ರಂದು ಈ ನಾಲ್ಕೂ ರಾಷ್ಟ್ರೀಕರಣವಾಗಿ ಬ್ರಿಟಿಷ್ ರೈಲ್ವೇಸ್ ಆಯಿತು. ನಡುವಿನ ಇಪ್ಪತ್ತೈದು ವರ್ಷ ನಾಲ್ವರೂ ತಮ್ಮ ತಮ್ಮ ಮನೆಯ ಶೈಲಿಯಲ್ಲೇ ಬೋಗಿ ಕಟ್ಟಿದರು. ಹೀಗಾಗಿ ಹೊರಗಿನಿಂದಲೇ ಮನೆತನ ತಿಳಿಯುತ್ತದೆ.

ಗ್ರೆಸ್ಲಿ ಎಂಬ ಮುಖ್ಯ ಇಂಜಿನಿಯರರ ಕಾಲದ ಎಲ್‌ಎನ್‌ಇಆರ್ ಬೋಗಿಗಳು ತೇಗದವು. ಮೇಲೆ ಬಣ್ಣವಿಲ್ಲ, ವಾರ್ನಿಷ್ ಮಾತ್ರ. ಬೋಗಿಯ ತುದಿಗಳು ಸ್ವಲ್ಪ ಉಬ್ಬಿರುತ್ತವೆ, ಚಾವಣಿ ತುದಿಯಲ್ಲಿ ಗುಮ್ಮಟದಂತೆ ಬಾಗುತ್ತದೆ. ಬ್ರಿಟನ್ನಿನಲ್ಲಿ ತೇಗ ಬೆಳೆಯುವುದಿಲ್ಲ. ನಮ್ಮ ಕಡೆಯ ಮರ ಸಮುದ್ರ ದಾಟಿ ಇಲ್ಲಿನ ಚಳಿಯಲ್ಲಿ ದುಡಿಯಿತು. ಎರಡನೇ ಮಹಾಯುದ್ಧದ ನಂತರ ಇದೇ ಕಂಪನಿ ಉಕ್ಕಿನ ತಗಡಿನ ಬೋಗಿ ಮಾಡಿದಾಗಲೂ ಅದರ ಮೇಲೆ ತೇಗದ ಎಳೆಗಳಂತೆ ಕಾಣುವ ಹಾಗೆ ಬಣ್ಣ ಬಳಿಯಿತು. ಮನೆತನದ ಅಭಿಮಾನ ಅಂಥದ್ದು. ಎಲ್‌ಎಂಎಸ್ ಕಂಪನಿಯಲ್ಲಿ ಸ್ಟೇನಿಯರ್ 1932ರಲ್ಲಿ ಬಂದ ಮೇಲೆ ಪಟ್ಟಿಗಳಿಲ್ಲದ ನುಣುಪಾದ ಉಕ್ಕಿನ ಮೈಯ ಬೋಗಿಗಳು ಬಂದವು. ಸದರ್ನ್‌ನಲ್ಲಿ ಮಾನ್ಸೆಲ್ ಮಾಡಿಸಿದ ಹಸಿರು ಬೋಗಿಗಳಿಗೆ ಕಾರಿಡಾರ್ ಇರುವ ಬದಿಯಲ್ಲಿ ಚಾವಣಿಯ ಅಂಚಿನವರೆಗೆ ಏರುವ ಎತ್ತರದ ಕಿಟಕಿಗಳು. ಗ್ರೇಟ್ ವೆಸ್ಟರ್ನ್‌ನದು ಚಾಕೊಲೇಟ್ ಮತ್ತು ಕೆನೆ ಬಣ್ಣ. ಕಪ್ಪು ಬಿಳುಪು ಫೋಟೋದಲ್ಲಿ ಬಣ್ಣ ತಿಳಿಯುವುದಿಲ್ಲ. ಆಗ ಚಾವಣಿ ಮತ್ತು ಕಿಟಕಿಯೇ ಸಾಕ್ಷಿ.

ಎರಡನೆಯದು ವಾಸ. ನಮ್ಮನ್ನು ಈ ವಿಷಯಕ್ಕೆ ಗಟ್ಟಿಯಾಗಿ ಕಟ್ಟಿಹಾಕಿದ ಸಂಗತಿ ಇದು. ಭಾರತದ ಬೋಗಿಗಳ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ಕಟ್ಟಿದ ವರ್ಷವನ್ನು ಹೇಳುತ್ತವೆ. ಬ್ರಿಟಿಷ್ ರೈಲ್ವೇಸ್‌ನ ಪದ್ಧತಿ ಬೇರೆ. ಸಂಖ್ಯೆಯ ಮುಂದೆ ಒಂದು ಅಕ್ಷರ: ಸದರ್ನ್ ವಲಯಕ್ಕೆ ಎಸ್, ಲಂಡನ್ ಮಿಡ್‌ಲ್ಯಾಂಡ್‌ಗೆ ಎಂ, ವೆಸ್ಟರ್ನ್‌ಗೆ ಡಬ್ಲ್ಯು, ಈಸ್ಟರ್ನ್‌ಗೆ ಇ, ಸ್ಕಾಟ್ಲೆಂಡಿಗೆ ಎಸ್‌ಸಿ. ಅದು ಬೋಗಿ ಈಗ ಎಲ್ಲಿ ದುಡಿಯುತ್ತಿದೆ ಎಂಬುದರ ಗುರುತು. ರಾಷ್ಟ್ರೀಕರಣಕ್ಕೂ ಮುಂಚಿನ ಬೋಗಿಯಾದರೆ ಸಂಖ್ಯೆಯ ಹಿಂದೆಯೂ ಇನ್ನೊಂದು ಅಕ್ಷರ ಬರೆಯುವ ಪದ್ಧತಿ ಬಂತು: ಅದು ಹುಟ್ಟಿದ ಕಂಪನಿಯ ಗುರುತು. ಮುಂದೆ ಎಸ್‌ಸಿ, ಹಿಂದೆ ಎಂ ಎಂದಿದ್ದರೆ ದುಡಿಮೆ ಸ್ಕಾಟ್ಲೆಂಡಿನಲ್ಲಿ, ಹುಟ್ಟು ಎಲ್‌ಎಂಎಸ್‌ನಲ್ಲಿ ಎಂದರ್ಥ. ಇದನ್ನು ಮೊದಲ ಬಾರಿ ತಿಳಿದಾಗ ನಮ್ಮ ಮನೆಯವರು ನಗುತ್ತಾ, "ಇದು ನಮ್ಮ ಸಂಘದ ಸದಸ್ಯರ ಪಟ್ಟಿಯ ಹಾಗಿದೆ" ಎಂದರು. ನಿಜ. ನಮಗೆಲ್ಲ ಮುಂದೊಂದು ಅಕ್ಷರ, ಹಿಂದೊಂದು ಅಕ್ಷರ. 1951ರಿಂದ ಹೊಸದಾಗಿ ಕಟ್ಟಿದ ಬ್ರಿಟಿಷ್ ರೈಲ್ವೇಸ್ ಬೋಗಿಗಳಿಗೆ ಹಿಂದಿನ ಅಕ್ಷರವೇ ಇಲ್ಲ. ಅವು ಇಲ್ಲೇ ಹುಟ್ಟಿದ ನಮ್ಮ ಮಕ್ಕಳ ಹಾಗೆ.

ಮೂರನೆಯದು ಉದ್ಯೋಗ. 1951ರಲ್ಲಿ ಬಂದ ಆ ಹೊಸ ಬೋಗಿಗೆ ಮಾರ್ಕ್ 1 ಎಂದು ಹೆಸರು. ಉಕ್ಕಿನ ಮೈ, ಸುಮಾರು 64 ಅಡಿ ಉದ್ದ. ಇದರಲ್ಲಿ ಹತ್ತಾರು ವಿಧ. ಗುರುತಿಸುವ ಉಪಾಯ ಸುಲಭ: ಕಾರಿಡಾರ್ ಇಲ್ಲದ ಬದಿಗೆ ಹೋಗಿ ಕಂಪಾರ್ಟ್‌ಮೆಂಟುಗಳನ್ನು ಎಣಿಸಬೇಕು. ಎಂಟು ಇದ್ದರೆ ಸೆಕೆಂಡ್ ಕ್ಲಾಸ್, ಅದರ ಸಂಕೇತ ಎಸ್‌ಕೆ. ಏಳು ಇದ್ದರೆ ಫಸ್ಟ್ ಕ್ಲಾಸ್, ಎಫ್‌ಕೆ. ಹಣ ಹೆಚ್ಚು ಕೊಟ್ಟವರಿಗೆ ಕಾಲು ಚಾಚಲು ಜಾಗ ಹೆಚ್ಚು. ನಾಲ್ಕು ಫಸ್ಟ್, ಮೂರು ಸೆಕೆಂಡ್ ಸೇರಿ ಏಳಾದರೆ ಮಿಶ್ರ ಬೋಗಿ, ಸಿಕೆ. ನಾಲ್ಕೇ ಕಂಪಾರ್ಟ್‌ಮೆಂಟ್ ಇದ್ದು ಉಳಿದದ್ದು ಗಾರ್ಡಿಗೂ ಸಾಮಾನಿಗೂ ಆದರೆ ಬಿಎಸ್‌ಕೆ. ಎದೆಯ ಎಕ್ಸ್‌ರೇ ನೋಡುವಾಗ ನಾವು ಪಕ್ಕೆಲುಬು ಎಣಿಸುತ್ತೇವಲ್ಲ, ಹಾಗೆಯೇ.

ನಾಲ್ಕನೆಯದು ವಯಸ್ಸು. ಇಲ್ಲಿ ಕಟ್ಟಿದ ವರ್ಷಕ್ಕಿಂತ ಫೋಟೋ ತೆಗೆದ ವರ್ಷ ಯಾವುದು ಎಂಬುದು ದೊಡ್ಡ ಪ್ರಶ್ನೆ. ಅದಕ್ಕೆ ಬಣ್ಣವೇ ಪಂಚಾಂಗ. ಕಡುಗೆಂಪು ಮತ್ತು ಕೆನೆ ಬಣ್ಣ 1949ರಿಂದ 1956ರವರೆಗಿನ ಪದ್ಧತಿ. ಆಮೇಲೆ ಮರೂನ್; ಸದರ್ನ್ ವಲಯದವರು ಮಾತ್ರ ಹಸಿರಿಗೆ ಮರಳಿದರು. 1965ರಲ್ಲಿ ಹೊಸ ಹೆಸರು ಬ್ರಿಟಿಷ್ ರೈಲ್, ಜೋಡಿ ಬಾಣದ ಗುರುತು, ನೀಲಿ ಮತ್ತು ಬೂದು ಬಣ್ಣ. ಬಾಗಿಲ ಮೇಲೆ 3 ಎಂಬ ಅಂಕಿ ಇದ್ದರೆ ಅದು ಹಳೆಯ ಥರ್ಡ್ ಕ್ಲಾಸ್. 1956ರ ಜೂನ್ 3ರಂದು ಅದಕ್ಕೆ ಸೆಕೆಂಡ್ ಕ್ಲಾಸ್ ಎಂದು ನಾಮಕರಣವಾಯಿತು. ಕಿಟಕಿಗಳ ಮೇಲೆ, ಚಾವಣಿಯ ಅಂಚಿನಲ್ಲಿ ಹಳದಿ ಪಟ್ಟಿ ಇದ್ದರೆ ಅಲ್ಲಿ ಫಸ್ಟ್ ಕ್ಲಾಸ್. ಈ ಪಟ್ಟಿ ಬಂದದ್ದು 1960ರ ದಶಕದ ಆರಂಭದಲ್ಲಿ. ಈ ಹಳದಿ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಮಲ್ಟಿಪಲ್ ಯೂನಿಟ್. ಬೇರೆ ಇಂಜಿನ್ ಇಲ್ಲದೆ, ಬೋಗಿಯಲ್ಲೇ ಮೋಟಾರು ಮತ್ತು ಚಾಲಕನ ಕೋಣೆ ಇರುವ ರೈಲು. ಬೇಕೆಂದಾಗ ಎರಡು ಮೂರು ಯೂನಿಟ್ ಜೋಡಿಸಿ ಒಬ್ಬನೇ ಚಾಲಕ ನಡೆಸಬಹುದು. ಲಂಡನ್ನಿನ ದಕ್ಷಿಣಕ್ಕೆ ಸದರ್ನ್ ಕಂಪನಿ ಹಳಿಯ ಪಕ್ಕದಲ್ಲಿ ಮೂರನೇ ಹಳಿ ಹಾಕಿ ವಿದ್ಯುತ್ ಹರಿಸಿತು. 1933ರ ಜನವರಿ 1ರಿಂದ ಬ್ರೈಟನ್ನಿಗೆ ವಿದ್ಯುತ್ ರೈಲು. ಆ ಮಾರ್ಗದ ಪುಲ್ಮನ್ ರೈಲಿಗೆ ಮರುವರ್ಷ ಬ್ರೈಟನ್ ಬೆಲ್ ಎಂಬ ಹೆಸರು ಬಂತು. 1972ರ ಏಪ್ರಿಲ್ 30ರಂದು ಅದರ ಕೊನೆಯ ಓಟ.

ಈ ಯೂನಿಟ್ಟುಗಳಿಗೆ ಸದರ್ನ್ ಇಟ್ಟ ಹೆಸರುಗಳು ಬಹಳ ಮಜವಾಗಿವೆ. ಮೊದಲು ಬೋಗಿಗಳ ಸಂಖ್ಯೆ, ಆಮೇಲೆ ಮೂರು ಅಕ್ಷರ. 2-ಬಿಲ್ ಎಂದರೆ ಎರಡು ಬೋಗಿ, ಎರಡರಲ್ಲೂ ಶೌಚಾಲಯ. 2-ಹಾಲ್ ಎಂದರೆ ಅರ್ಧ, ಅಂದರೆ ಒಂದು ಬೋಗಿಯಲ್ಲಿ ಮಾತ್ರ. 2-ನಾಲ್ ಎಂದರೆ ಶೌಚಾಲಯವೇ ಇಲ್ಲ! ನಗಬೇಡಿ, ಕಾರಣವಿದೆ. ಈ ಯೂನಿಟ್ಟುಗಳಲ್ಲಿ ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟುವ ಹಾದಿ ಇರಲಿಲ್ಲ. ತಪ್ಪು ಬೋಗಿ ಹತ್ತಿದವರ ಪಾಡು ನೀವೇ ಊಹಿಸಿ. 1937ರಲ್ಲಿ ಪೋರ್ಟ್ಸ್‌ಮತ್ ಮಾರ್ಗಕ್ಕೆ ಬಂದ 4-ಕಾರ್ ಯೂನಿಟ್ಟಿನಲ್ಲಿ ಉದ್ದಕ್ಕೂ ಓಡಾಡುವ ಹಾದಿ ಇತ್ತು. ಅದರ ಮುಖದಲ್ಲಿ ಹಾದಿಯ ಒಂದು ಪಕ್ಕ ಚಾಲಕನ ಕಿಟಕಿ, ಇನ್ನೊಂದು ಪಕ್ಕ ಮಾರ್ಗದ ಸಂಖ್ಯೆಯ ಫಲಕ; ನೋಡಿದರೆ ಒಕ್ಕಣ್ಣಿನ ಮುಖ. ಪೋರ್ಟ್ಸ್‌ಮತ್ ನೌಕಾಪಡೆಯ ಊರು, ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ನೌಕಾಧಿಪತಿ ನೆಲ್ಸನ್ ಹೆಸರನ್ನೇ ಜನ ಅದಕ್ಕೆ ಅಂಟಿಸಿದರು.

1997ರಲ್ಲಿ ನಾವು ಇಳಿಯಲಾಗದೆ ನಿಂತಿದ್ದ ರೈಲು 4-ಸಿಗ್. ಮೊದಲ ಅಕ್ಷರ ಕಾರಿಡಾರ್. ಉಳಿದ ಐ ಮತ್ತು ಜಿ, ಬ್ರೈಟನ್ನಿಗೆ ಹಳೆಯ ಕಂಪನಿಯವರು ತಂತಿ ಸುದ್ದಿಯಲ್ಲಿ ಬಳಸುತ್ತಿದ್ದ ಸಂಕೇತ. 1960ರ ದಶಕದಲ್ಲಿ ಯಾರ್ಕ್ ಕಾರ್ಖಾನೆಯಲ್ಲಿ ಮಾರ್ಕ್ 1 ಮಾದರಿಯಲ್ಲೇ ಕಟ್ಟಿದ ಗಾಡಿ. ಅಂಥ ಗಾಡಿಗಳು ಅಪಘಾತದಲ್ಲಿ ಪ್ರಯಾಣಿಕರನ್ನು ಇಂದಿನ ಗಾಡಿಗಳಷ್ಟು ಕಾಪಾಡುತ್ತಿರಲಿಲ್ಲ. 1988ರ ಡಿಸೆಂಬರ್ 12ರಂದು ಕ್ಲಾಪಮ್ ಜಂಕ್ಷನ್ ಬಳಿ ಸಿಗ್ನಲ್ ತಂತಿಯ ತಪ್ಪಿನಿಂದ ರೈಲುಗಳು ಡಿಕ್ಕಿಯಾಗಿ 35 ಜನ ಸತ್ತರು. ಅಲ್ಲಿದ್ದವೂ ಮಾರ್ಕ್ 1 ಬೋಗಿಗಳೇ. 1999ರಲ್ಲಿ ಇವುಗಳನ್ನು ತೆಗೆಯಲು ನಿಯಮ ಬಂತು. 2005ರ ನವೆಂಬರಿನಲ್ಲಿ ಮುಖ್ಯ ಮಾರ್ಗಗಳಲ್ಲಿ ಧಡ್ ಬಾಗಿಲಿನ ಓಟ ನಿಂತಿತು. ಲಿಮಿಂಗ್ಟನ್ ಎಂಬ ಪುಟ್ಟ ಶಾಖೆಯಲ್ಲಿ ಮಾತ್ರ 2010ರವರೆಗೆ ಉಳಿಯಿತು. ನಮಗೆ ಬೇಸರವಾಯಿತು, ಆದರೆ ತಪ್ಪೆನ್ನಲಾರೆವು.

ವಿದ್ಯುತ್ ಇಲ್ಲದ ಕಡೆಗೆ ಡೀಸೆಲ್ ಯೂನಿಟ್. 1954ರಿಂದ ಇವು ಹೆಚ್ಚಾಗಿ ಬಂದವು. ಮೊದಲು ಹಸಿರು ಮುಖದ ಮೇಲೆ ಮೀಸೆಯಂಥ ಗೆರೆಗಳು. 1960ರ ದಶಕದಲ್ಲಿ ಹಳಿಯ ಮೇಲೆ ಕೆಲಸ ಮಾಡುವವರಿಗೆ ದೂರದಿಂದ ಕಾಣಲೆಂದು ಸಣ್ಣ ಹಳದಿ ಚೌಕ. ಆ ದಶಕದ ಕೊನೆಗೆ ಮುಖವೆಲ್ಲ ಹಳದಿ. ಮೀಸೆ, ಚೌಕ, ಪೂರ್ತಿ ಹಳದಿ: ಮೂರರಲ್ಲಿ ಯಾವುದಿದೆ ಎಂದು ನೋಡಿದರೆ ಫೋಟೋದ ವಯಸ್ಸು ಹೆಚ್ಚುಕಡಿಮೆ ಸಿಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಮಾಡೆಲ್. ಬ್ರಿಟನ್ನಿನಲ್ಲಿ ಹೆಚ್ಚು ಜನ ಬಳಸುವ ಅಳತೆ ಓಓ: ಒಂದು ಅಡಿಗೆ 4 ಮಿಲಿಮೀಟರ್. ಹಾಗಾದರೆ ಮಾರ್ಕ್ 1 ಬೋಗಿ ಒಂದು ಗೇಣಿಗಿಂತ ಸ್ವಲ್ಪ ಉದ್ದ. ಆದರೆ ಹಳಿಯ ಅಗಲ 16.5 ಮಿಲಿಮೀಟರ್. ಲೆಕ್ಕದ ಪ್ರಕಾರ 18.83 ಇರಬೇಕು. ಹಿಂದಿನ ಕಾಲದ ಮೋಟಾರುಗಳು ದಪ್ಪ, ಬ್ರಿಟಿಷ್ ಇಂಜಿನ್ನುಗಳು ಸಣ್ಣ. ಮೋಟಾರು ಹಿಡಿಯಲೆಂದು ಗಾಡಿಯನ್ನು ದೊಡ್ಡದು ಮಾಡಿದರು, ಹಳಿಯನ್ನು ಮಾತ್ರ ಯೂರೋಪಿನ ಸಣ್ಣ ಅಳತೆಯಲ್ಲೇ ಬಿಟ್ಟರು. ಅಂದರೆ ನಮ್ಮ ಮೇಜಿನ ಮೇಲಿನ ರೈಲು ದೊಡ್ಡ ದೇಹಕ್ಕೆ ಕಿರಿಯ ಚಪ್ಪಲಿ ಹಾಕಿಕೊಂಡು ನಡೆಯುತ್ತಿದೆ. ಸರಿಯಾದ ಅಳತೆಯೇ ಬೇಕೆನ್ನುವವರು ಹಳಿಯನ್ನು ಸ್ವತಃ ಕೂರಿಸಿಕೊಳ್ಳುತ್ತಾರೆ. ನಮಗೆ ಅಷ್ಟು ಸಹನೆ ಇಲ್ಲ.

ಮಾಡೆಲ್ ಮಾಡುವವರು ಒಂದು ದಿನವನ್ನು ಆರಿಸಿಕೊಳ್ಳಲೇಬೇಕು. ಒಂದೇ ಬೋಗಿ ನಲವತ್ತು ವರ್ಷದಲ್ಲಿ ನಾಲ್ಕು ಬಣ್ಣ ಕಂಡಿರಬಹುದು, ಚಕ್ರದ ಚೌಕಟ್ಟು ಬದಲಾಗಿರಬಹುದು, ವಲಯದ ಅಕ್ಷರ ಬದಲಾಗಿರಬಹುದು. ಎಲ್ಲ ಕಾಲದ ಚೆಂದವನ್ನೂ ಒಂದೇ ಮಾಡೆಲಿಗೆ ಹಾಕಿದರೆ ಅದು ಯಾವ ಕಾಲದ್ದೂ ಆಗುವುದಿಲ್ಲ. ಇದನ್ನು ನಮಗೆ ಕಲಿಸಿದವರು ಒಬ್ಬ ರೋಗಿ. ಅವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಹೇಳುತ್ತೇವೆ.

ಆ ಹೊತ್ತಿಗೆ ನಾವು ಉತ್ತರಕ್ಕೆ ಬಂದು ಎದೆರೋಗದ ವಿಭಾಗದಲ್ಲಿ ನೆಲೆಸಿದ್ದೆವು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಉಸಿರಾಟದ ತೊಂದರೆಯೆಂದು ಬಂದರು. ಎಕ್ಸ್‌ರೇಯಲ್ಲಿ ಒಂದು ಕಡೆ ಎದೆಯಲ್ಲಿ ನೀರು ತುಂಬಿತ್ತು. ಜೊತೆಗಿದ್ದ ಪತ್ರದಲ್ಲಿ ಉದ್ಯೋಗ: ನಿವೃತ್ತ ಬಡಗಿ. ಅಷ್ಟೇ. ಎಲ್ಲಿ ಬಡಗಿ ಎಂದು ಕೇಳಿದೆವು. ರೈಲು ಬೋಗಿಯ ಕಾರ್ಖಾನೆಯಲ್ಲಿ, ಹದಿನೈದನೇ ವಯಸ್ಸಿಗೆ ಸೇರಿದ್ದು ಎಂದರು. ಯಾವ ವರ್ಷ? 1957. ಯಾವ ಬೋಗಿ? ಅವರು ಸ್ವಲ್ಪ ಆಶ್ಚರ್ಯದಿಂದ ನೋಡಿ, "ಮಾರ್ಕ್ 1, ಡಾಕ್ಟರ್. ಹೆಚ್ಚಾಗಿ ಎಸ್‌ಕೆ" ಎಂದರು. ಎಂಟು ಕಂಪಾರ್ಟ್‌ಮೆಂಟ್, ಎಂದೆವು ನಾವು. ಆಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಬ್ರಿಟನ್ನಿನ ಬೋಗಿ ಕಾರ್ಖಾನೆಗಳಲ್ಲಿ 1950 ಮತ್ತು 60ರ ದಶಕಗಳಲ್ಲಿ ಚಳಿ ಮತ್ತು ಸದ್ದು ತಡೆಯಲು ಬೋಗಿಯ ಉಕ್ಕಿನ ಮೈಯ ಒಳಬದಿಗೆ ನೀಲಿ ಆಸ್ಬೆಸ್ಟಾಸ್ ಸಿಂಪಡಿಸುತ್ತಿದ್ದರು. ಮಾರ್ಕ್ 1 ಬೋಗಿಗಳಲ್ಲೂ, ಆ ಕಾಲದ ಅನೇಕ ಮಲ್ಟಿಪಲ್ ಯೂನಿಟ್ಟುಗಳಲ್ಲೂ ಅದು ಇತ್ತು. "ಸಿಂಪಡಿಸುವ ಕೆಲಸ ಬೇರೆಯವರದು, ನಾನು ಅದನ್ನು ಮುಟ್ಟಿದ್ದಿಲ್ಲ" ಎಂದರು ಹಿರಿಯರು. ಆದರೆ ಅದು ಒಣಗಿದ ಮೇಲೆ ಒಳಗೆ ಹೋಗಿ ಮರದ ಹಲಗೆ ಕೂರಿಸುವವರು ಅವರೇ. ಅಂಚು ಕೆರೆಯುವವರು, ತೂತು ಕೊರೆಯುವವರು ಅವರೇ. ತಲೆಯ ಮೇಲೆ ಹಿಮದಂತೆ ಉದುರುತ್ತಿತ್ತಂತೆ. ಹುಡುಗರು ಅದನ್ನೇ ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆದು ಆಡುತ್ತಿದ್ದರಂತೆ.

ಪರೀಕ್ಷೆಯಲ್ಲಿ ಮೀಸೋಥೀಲಿಯೋಮ ಎಂದು ಖಚಿತವಾಯಿತು. ಶ್ವಾಸಕೋಶದ ಹೊರಪೊರೆಯ ಈ ಕ್ಯಾನ್ಸರಿಗೂ ನೀಲಿ ಆಸ್ಬೆಸ್ಟಾಸಿಗೂ ಇರುವ ಸಂಬಂಧವನ್ನು ದಕ್ಷಿಣ ಆಫ್ರಿಕಾದ ವೈದ್ಯರು 1960ರಲ್ಲೇ ಪ್ರಕಟಿಸಿದ್ದರು. ಬ್ರಿಟನ್ನಿನಲ್ಲಿ ನೀಲಿ ಆಸ್ಬೆಸ್ಟಾಸಿಗೆ ಕಾನೂನಿನ ನಿಷೇಧ ಬಂದದ್ದು 1985ರಲ್ಲಿ. ಎಲ್ಲ ಬಗೆಯದಕ್ಕೂ 1999ರಲ್ಲಿ. ಧೂಳು ಒಳಹೊಕ್ಕ ಮೂವತ್ತು, ನಲವತ್ತು, ಕೆಲವೊಮ್ಮೆ ಐವತ್ತು ವರ್ಷದ ನಂತರ ರೋಗ ತಲೆಯೆತ್ತುತ್ತದೆ. ಆ ಹೊತ್ತಿಗೆ ಕಾರ್ಖಾನೆ ಮುಚ್ಚಿರುತ್ತದೆ, ಜೊತೆಗಾರರು ತೀರಿಕೊಂಡಿರುತ್ತಾರೆ. ಪರಿಹಾರದ ಅರ್ಜಿಗೆ ಎಲ್ಲಿ, ಯಾವಾಗ, ಯಾವ ಕೆಲಸದಲ್ಲಿ ಧೂಳು ಸೋಕಿತು ಎಂದು ಬರೆಯಬೇಕು. ಆ ದಿನ ನಮ್ಮ ಟಿಪ್ಪಣಿಯಲ್ಲಿ ಬಡಗಿ ಎಂಬ ಒಂದು ಪದದ ಬದಲು ಅರ್ಧ ಪುಟ ಇತ್ತು: ವರ್ಷ, ಬೋಗಿಯ ವಿಧ, ಯಾವ ಹಂತದಲ್ಲಿ ಒಳಗೆ ಹೋಗುತ್ತಿದ್ದರು, ಎಷ್ಟು ಹೊತ್ತು. ಮೇಲಟ್ಟದಲ್ಲಿ ಕೂತು ಕಲಿತ ವಿದ್ಯೆ ಅಲ್ಲಿ ಕೆಲಸಕ್ಕೆ ಬಂತು.

ಮುಂದಿನ ಭೇಟಿಯಲ್ಲಿ ಅವರಿಗೆ ಸಂತೋಷವಾಗಲೆಂದು ಫೋನಿನಲ್ಲಿ ನಮ್ಮ ಮಾಡೆಲ್ ಫೋಟೋ ತೋರಿಸಿದೆವು: ಕಡುಗೆಂಪು ಮತ್ತು ಕೆನೆ ಬಣ್ಣದ ಸಿಕೆ ಬೋಗಿ, ಫಸ್ಟ್ ಕ್ಲಾಸ್ ಭಾಗದ ಮೇಲೆ ಹಳದಿ ಪಟ್ಟಿ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. "ಚೆನ್ನಾಗಿದೆ. ಆದರೆ ಈ ಬಣ್ಣದ ಕಾಲಕ್ಕೆ ಆ ಹಳದಿ ಗೆರೆ ಇರಲಿಲ್ಲ. ನಾನು ಸೇರಿದಾಗ ಕೆಂಪು ಕೆನೆಯ ಹಳೆಯ ಗಾಡಿಗಳು ದುರಸ್ತಿಗೆ ಬರುತ್ತಿದ್ದವು, ಮರೂನ್ ಆಗಿ ಹೋಗುತ್ತಿದ್ದವು. ಗೆರೆ ಆಮೇಲಿನದು" ಎಂದರು. ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ. ಅದೇ ರಾತ್ರಿ ಸಣ್ಣ ಕುಂಚದಿಂದ ಪಟ್ಟಿಯನ್ನು ಅಳಿಸಿದೆವು. ಅಳಿಸಿದ ಫೋಟೋ ತೋರಿಸಿದಾಗ ಅವರು ತಲೆಯಾಡಿಸಿ, "ಈಗ ಅದು 1955" ಎಂದರು. ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಪರಿಹಾರ ಅವರ ಪತ್ನಿಯ ಕೈ ಸೇರಿತು ಎಂದು ಆಮೇಲೆ ತಿಳಿಯಿತು.

ಧಾರವಾಡದ ಹಿರಿಯರೇ, ಯುಗಾದಿಯ ದಿನ ನೀವು ಕೇಳಿದ ಪ್ರಶ್ನೆಗೆ ಇದು ನಮ್ಮ ಉತ್ತರ. ಬೋಗಿಗಳು ದೂರದಿಂದ ಒಂದೇ ಥರ ಕಾಣುತ್ತವೆ, ನಿಜ. ಈ ದೇಶದಲ್ಲಿ ದೂರದಿಂದ ನೋಡುವವರಿಗೆ ನಾವೂ ಒಂದೇ ಥರ ಕಾಣುತ್ತೇವೆ. ಹತ್ತಿರ ಹೋಗಿ, ಕಿಟಕಿ ಎಣಿಸಿ, ಮುಂದಿನ ಅಕ್ಷರ ಹಿಂದಿನ ಅಕ್ಷರ ಓದಿದರೆ ಪ್ರತಿಯೊಂದಕ್ಕೂ ಒಂದು ಜಾತಕ ಇದೆ, ಅದನ್ನು ಕಟ್ಟಿದವರಿಗೂ ಇದೆ. ನಮ್ಮ ಸಂಘದ ಮನೆಗಳಲ್ಲಿ ಈಗ ವೈದ್ಯಕೀಯ ಓದುತ್ತಿರುವ ಮಕ್ಕಳಿಗೆ ಒಂದು ಮಾತು: ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಎಂದು ಬರೆದು ಪೆನ್ನು ಮುಚ್ಚಬೇಡಿ. ಎಲ್ಲಿ, ಯಾವಾಗ, ಏನು ಕಟ್ಟಿದಿರಿ ಎಂದು ಕೇಳಿ.

ನೋಡಬೇಕೆನ್ನುವವರಿಗೆ ಯಾರ್ಕ್‌ನಲ್ಲಿ 1975ರಿಂದ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯ ಇದೆ. ಸೆವರ್ನ್ ವ್ಯಾಲಿ ರೈಲ್ವೆಯಲ್ಲಿ ತೇಗದ ಬೋಗಿಗಳನ್ನೂ, ಸಸೆಕ್ಸ್‌ನ ಬ್ಲೂಬೆಲ್ ರೈಲ್ವೆಯಲ್ಲಿ ಮಾನ್ಸೆಲ್ ಬೋಗಿಗಳನ್ನೂ ಕಾಣಬಹುದು. ದೀಪಾವಳಿ ಕೂಟಕ್ಕೆ ಮಾಡೆಲನ್ನು ಮತ್ತೆ ತರುತ್ತೇವೆ. ಈ ಬಾರಿ ಪುಟ್ಟ ಸ್ಪರ್ಧೆ: ಕಂಪಾರ್ಟ್‌ಮೆಂಟ್ ಎಣಿಸಿ ಬೋಗಿಯ ಹೆಸರು ಹೇಳಿದ ಮಕ್ಕಳಿಗೆ ನಮ್ಮ ಮನೆಯವರು ಮಾಡಿದ ಮೈಸೂರುಪಾಕು. ದೊಡ್ಡವರೂ ಎಣಿಸಬಹುದು, ಆದರೆ ಮೈಸೂರುಪಾಕಿಗೆ ಮಕ್ಕಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು.